ಕಬ್ಬಿನ ತೂಕ ಎಲ್ಲಿಂದ ಬಂತು? ತರಗತಿಯಲ್ಲಿ ವಿಜ್ಞಾನ ಮನದಟ್ಟಾಗುವ ಬಗೆ

2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ವೆಬ್‌ಕಾಸ್ಟಿಂಗ್ ಕಣ್ಗಾವಲಿನಡಿ ನಡೆಸಿದಾಗ ರಾಜ್ಯದ ಒಟ್ಟು ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು. ಕೃಪಾಂಕದ ನಿಯಮವನ್ನು ಸಡಿಲಿಸಿದ ಮೇಲೂ ಬಂದ ಅಂಕಿ ಅದು. ನಕಲಿಗೆ ಕಡಿವಾಣ ಬಿದ್ದದ್ದು ಒಳ್ಳೆಯದೇ. ಆದರೆ ಹತ್ತು ವರ್ಷ ಶಾಲೆಗೆ ಹೋದ ಮಗು ತನ್ನಷ್ಟಕ್ಕೆ ತಾನು ಕುಳಿತು ಬರೆಯಬೇಕಾದಾಗ ಪೆನ್ನು ಏಕೆ ಓಡುವುದಿಲ್ಲ ಎಂಬ ಪ್ರಶ್ನೆ ಆ ವರ್ಷ ಅನೇಕ ಮನೆಗಳ ಪಡಸಾಲೆಗೆ ಬಂದು ಕುಳಿತಿತು. ಗಣಿತದ ಜೊತೆಗೆ ಈ ಪ್ರಶ್ನೆ ಹೆಚ್ಚಾಗಿ ಕಾಡುವುದು ವಿಜ್ಞಾನದ ವಿಷಯದಲ್ಲಿ. ನೂರು ಅಂಕಗಳಲ್ಲಿ 80 ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ ಇರುವ ಈ ವಿಷಯವನ್ನು ಬಾಯಿಪಾಠ ಮಾಡಿ ದಾಟಬಹುದು ಎಂಬ ನಂಬಿಕೆ ಬಹಳ ಕಾಲದಿಂದ ಇದೆ.

ಪಾಲಕರ ಸಭೆಗಳಲ್ಲಿ ಇದಕ್ಕೆ ಸಿಗುವ ಸಾಮಾನ್ಯ ಉತ್ತರ ಪ್ರಯೋಗಾಲಯ ಇಲ್ಲ, ಸಾಮಾನು ಇಲ್ಲ, ಸ್ಮಾರ್ಟ್ ಬೋರ್ಡ್ ಇಲ್ಲ ಎಂಬುದು. ಇವೆಲ್ಲ ಬೇಕಾದವುಗಳೇ. ಆದರೆ ವಿಜ್ಞಾನದ ಕಲಿಕೆಯ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ನಡೆದ ಸಂಶೋಧನೆ ಸಾಮಾನಿಗಿಂತ ಮೊದಲು ಬೇರೊಂದು ಕಡೆಗೆ ಬೆರಳು ತೋರಿಸುತ್ತದೆ. ಪಾಠ ಆರಂಭವಾಗುವ ಮುನ್ನವೇ ಮಗುವಿನ ತಲೆಯಲ್ಲಿ ಇರುವ ವಿವರಣೆಯನ್ನು ಶಿಕ್ಷಕರು ಹೊರಗೆ ತೆಗೆದರೇ, ಇಲ್ಲವೇ ಎಂಬುದರ ಮೇಲೆ ಮುಂದಿನ ಬಹುಪಾಲು ನಿಂತಿದೆ. ಅದು ಹೇಗೆ ಎಂಬುದನ್ನು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೊಲ, ಅಡುಗೆಮನೆ, ಗುಡಿ-ಗುಮ್ಮಟಗಳ ಉದಾಹರಣೆಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ಒಂದು ಪಾಠದೊಳಗೆ ಏನೇನಿರುತ್ತದೆ

ಯಾವುದೇ ವಿಜ್ಞಾನ ಪಾಠವನ್ನು ಬಿಡಿಸಿ ನೋಡಿದರೆ ಮೂರು ಪದರಗಳು ಕಾಣುತ್ತವೆ. ಮೊದಲನೆಯದು ಮಾಹಿತಿ: ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ ಎಂಬಂಥದ್ದು. ಎರಡನೆಯದು ಪರಿಕಲ್ಪನೆ: ಕುದಿಯುವುದೆಂದರೆ ಏನಾಗುವುದು, ಕುದಿ ಬಂದ ಮೇಲೆ ಉರಿ ಎಷ್ಟೇ ಹೆಚ್ಚಿಸಿದರೂ ನೀರಿನ ಉಷ್ಣತೆ ಏಕೆ ಏರುವುದಿಲ್ಲ ಎಂಬ ತಿಳಿವಳಿಕೆ. ಮೂರನೆಯದು ವಿಧಾನ: ಇದು ನಿಜವೆಂದು ಗೊತ್ತಾದದ್ದು ಹೇಗೆ, ಅನುಮಾನ ಬಂದರೆ ಪರೀಕ್ಷಿಸುವುದು ಹೇಗೆ ಎಂಬ ಅಭ್ಯಾಸ.

ಈ ಮೂರೂ ಬೇರೆ ಬೇರೆ ಎಂಬುದಕ್ಕೆ ಬೆಳಗಾವಿ ನಗರದಲ್ಲೇ ಒಂದು ಒಳ್ಳೆಯ ಸಾಕ್ಷಿಯಿದೆ. ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದಂತೆ ನೀರು ಬೇಗ ಕುದಿಯುತ್ತದೆ. ಹಾಗಾಗಿ ಬೆಳಗಾವಿಯಲ್ಲಿ ಪಾತ್ರೆಯ ನೀರು 97ರಿಂದ 98 ಡಿಗ್ರಿಯ ನಡುವೆಯೇ ಕುದಿಯುತ್ತದೆ. ಥರ್ಮಾಮೀಟರ್ ಇಳಿಬಿಟ್ಟು ನೋಡಿದ ವಿದ್ಯಾರ್ಥಿ ವಹಿಯಲ್ಲಿ 100 ಎಂದು ಬರೆದರೆ, ಅವನು ಬರೆದದ್ದು ಪುಸ್ತಕದಲ್ಲಿದ್ದುದನ್ನು, ಕಣ್ಣಿಗೆ ಕಂಡದ್ದನ್ನಲ್ಲ. 97 ಎಂದು ಬರೆದು ‘ಥರ್ಮಾಮೀಟರ್ ಕೆಟ್ಟದೆ ಏನ್ರೀ ಸರ್’ ಎಂದು ಕೇಳಿದ ವಿದ್ಯಾರ್ಥಿ ಮೂರನೆಯ ಪದರಕ್ಕೆ ಕೈ ಹಾಕಿದ್ದಾನೆ. ಅವನ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ಒತ್ತಡ, ಎತ್ತರ, ಕುಕ್ಕರ್ ಎಲ್ಲವೂ ಒಂದೇ ತಾಸಿನಲ್ಲಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

1976ರ 42ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, 51ಎ ವಿಧಿಯ ಎಚ್ ಉಪವಿಧಿ, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯವೆಂದು ಹೇಳುತ್ತದೆ. ಅದು ಸೂಚಿಸುವುದು ಈ ಮೂರನೆಯ ಪದರವನ್ನೇ. ಆದರೆ ತರಗತಿಯ ವೇಳೆಯ ಬಹುಪಾಲು ಮೊದಲನೆಯ ಪದರದಲ್ಲಿ ಮುಗಿದುಹೋಗುತ್ತದೆ.

ಮಕ್ಕಳು ಖಾಲಿ ತಲೆಯಿಂದ ಬರುವುದಿಲ್ಲ

1970 ಮತ್ತು 80ರ ದಶಕಗಳಲ್ಲಿ ಇಂಗ್ಲೆಂಡಿನ ರೊಸಾಲಿಂಡ್ ಡ್ರೈವರ್ ಮತ್ತು ಬೇರೆ ದೇಶಗಳ ಸಂಶೋಧಕರು ಮಕ್ಕಳನ್ನು ಕೂರಿಸಿಕೊಂಡು ಅವರು ಬೆಳಕು, ಶಾಖ, ಬಲ, ಬೆಳವಣಿಗೆಗಳ ಬಗ್ಗೆ ಏನೆಂದುಕೊಂಡಿದ್ದಾರೆ ಎಂದು ತಾಳ್ಮೆಯಿಂದ ಕೇಳತೊಡಗಿದರು. ಪಾಠ ಕೇಳುವ ಮುನ್ನವೇ ಮಕ್ಕಳ ಬಳಿ ಪ್ರತಿಯೊಂದಕ್ಕೂ ಒಂದು ವಿವರಣೆ ಇರುವುದು ಕಂಡುಬಂತು. ಭಾರವಾದ ಕಲ್ಲು ಹಗುರ ಕಲ್ಲಿಗಿಂತ ಬೇಗ ನೆಲ ಮುಟ್ಟುತ್ತದೆ; ಬಲ್ಬು ಉರಿಯುವಾಗ ವಿದ್ಯುತ್ ಪ್ರವಾಹ ಖರ್ಚಾಗಿ, ಆಚೆ ಬದಿಯ ತಂತಿಯಲ್ಲಿ ಕಡಿಮೆಯಾಗುತ್ತದೆ; ಕಂಬಳಿಯೊಳಗೆ ಶಾಖ ಹುಟ್ಟುತ್ತದೆ; ಗಾಳಿಗೆ ತೂಕವಿಲ್ಲ. ಇವು ದಡ್ಡತನದ ಮಾತುಗಳಲ್ಲ. ದಿನನಿತ್ಯದ ಅನುಭವವನ್ನು ಇಟ್ಟುಕೊಂಡು ಮಗು ತಾನೇ ಕಟ್ಟಿಕೊಂಡ, ಅದರ ಮಟ್ಟಿಗೆ ಸಮರ್ಪಕವಾದ ತಿಳಿವಳಿಕೆ ಅದು. ಸಂಶೋಧಕರು ಇವನ್ನು ಪರ್ಯಾಯ ಪರಿಕಲ್ಪನೆಗಳು ಎನ್ನುತ್ತಾರೆ. ಈ ಲೇಖನದಲ್ಲಿ ಪೂರ್ವಗ್ರಹಿಕೆ ಎಂದು ಕರೆಯೋಣ.

ಪೂರ್ವಗ್ರಹಿಕೆಯ ತೊಂದರೆಯೇನೆಂದರೆ, ಪಾಠ ಕೇಳಿದ ಮಾತ್ರಕ್ಕೆ ಅದು ಹೋಗುವುದಿಲ್ಲ. 1987ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಘಟಿಕೋತ್ಸವದ ದಿನ, ಬೇಸಿಗೆ ಮತ್ತು ಚಳಿಗಾಲ ಏಕೆ ಬರುತ್ತವೆ ಎಂದು ಪದವೀಧರರನ್ನೂ ಅಧ್ಯಾಪಕರನ್ನೂ ಕ್ಯಾಮೆರಾದ ಮುಂದೆ ಕೇಳಲಾಯಿತು. ಬಹುತೇಕರು ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ ಎಂದರು. ಬೆಂಕಿಯ ಹತ್ತಿರ ಹೋದರೆ ಬಿಸಿ ಎಂಬ ಬಾಲ್ಯದ ಅನುಭವ, ಭೂಮಿಯ ಅಕ್ಷದ ವಾಲಿಕೆಯ ಪಾಠವನ್ನು ಅಷ್ಟು ವರ್ಷಗಳ ಓದಿನ ನಂತರವೂ ಬದಿಗೊತ್ತಿತ್ತು. ಭೂಮಿ ಸೂರ್ಯನಿಗೆ ಅತ್ಯಂತ ಸಮೀಪ ಬರುವುದು ಜನವರಿಯ ಆರಂಭದಲ್ಲಿ. ಆಗ ವಿಜಯಪುರದ ಜನ ಬೆಳಗಿನ ಹೊತ್ತು ಬೆಂಕಿ ಕಾಯಿಸಿಕೊಳ್ಳುತ್ತಿರುತ್ತಾರೆ.

ಹಳೆಯ ಮಣ್ಣಿನ ಗೋಡೆಯ ಸಡಿಲ ಪದರವನ್ನು ಕೆರೆದು ತೆಗೆಯದೆ ಮೇಲೆ ಸಿಮೆಂಟಿನ ಗಿಲಾವು ಬಳಿದರೆ, ಮೊದಲ ದಿನ ನೋಡಲು ಚೆಂದವಾಗಿಯೇ ಇರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಕ್ಕಳೆ ಹಕ್ಕಳೆಯಾಗಿ ಕಳಚಿ ಹಳೆಯ ಮಣ್ಣೇ ಕಾಣುತ್ತದೆ. ಪೂರ್ವಗ್ರಹಿಕೆಯನ್ನು ಮುಟ್ಟದೆ ಅದರ ಮೇಲೆ ವ್ಯಾಖ್ಯೆಯನ್ನು ಬರೆಸುವ ಪಾಠಕ್ಕೂ ಇದೇ ಗತಿ. ಘಟಕ ಪರೀಕ್ಷೆಯಲ್ಲಿ ವ್ಯಾಖ್ಯೆ ಬರುತ್ತದೆ, ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ ದಿನ ಹಳೆಯ ಉತ್ತರವೇ ಹೊರಬೀಳುತ್ತದೆ.

ಕಬ್ಬಿನ ಹೊಲದ ಪ್ರಶ್ನೆ

ಇದನ್ನು ಒಂದು ಪಾಠದಲ್ಲಿ ಹತ್ತಿರದಿಂದ ನೋಡುವುದು ಒಳ್ಳೆಯದು. ಮುಧೋಳ, ಜಮಖಂಡಿ, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ಯಾವುದೇ ಪ್ರೌಢಶಾಲೆಯನ್ನು ತೆಗೆದುಕೊಳ್ಳಿ. ತರಗತಿಯ ಅನೇಕ ಮಕ್ಕಳ ಮನೆಯಲ್ಲಿ ಕಬ್ಬು ಇರುತ್ತದೆ. ಹತ್ತನೇ ತರಗತಿಯ ಜೀವಕ್ರಿಯೆಗಳ ಪಾಠದಲ್ಲಿ ದ್ಯುತಿಸಂಶ್ಲೇಷಣೆ ಬರುತ್ತದೆ: ಸಸ್ಯಗಳು ಸೂರ್ಯನ ಬೆಳಕಿನ ಸಹಾಯದಿಂದ ಇಂಗಾಲದ ಡೈಆಕ್ಸೈಡ್ ಮತ್ತು ನೀರನ್ನು ಬಳಸಿ ಆಹಾರ ತಯಾರಿಸುತ್ತವೆ. ಈ ವಾಕ್ಯವನ್ನು ಏಳನೇ ತರಗತಿಯಿಂದಲೂ ಮಕ್ಕಳು ಬಲ್ಲರು, ಸಮೀಕರಣವನ್ನೂ ಬರೆಯಬಲ್ಲರು.

ಅದೇ ಮಕ್ಕಳ ಮುಂದೆ ಒಂದು ಗಳ ಕಬ್ಬನ್ನು ಇಟ್ಟು, ‘ನಾಟಿ ಮಾಡಿದ್ದು ಗೇಣುದ್ದದ ತುಂಡು, ಕಡಿದದ್ದು ಆಳೆತ್ತರದ ಗಳ, ನಡುವೆ ಸೇರಿದ ತೂಕ ಎಲ್ಲಿಂದ ಬಂತು’ ಎಂದು ಕೇಳಿದರೆ ಉತ್ತರಗಳು ಬೇರೆಯೇ ಇರುತ್ತವೆ. ‘ಮಣ್ಣಾಗಿಂದ ರೀ ಸರ್.’ ‘ಗೊಬ್ಬರದಾಗಿಂದ ರೀ.’ ‘ನೀರು ಬಿಡ್ತೀವಲ್ರೀ, ಅದರಿಂದ.’ ಗಾಳಿಯಿಂದ ಎನ್ನುವ ಮಗು ಸಿಗುವುದು ಅಪರೂಪ, ಸಿಕ್ಕರೂ ಅದರ ದನಿಯಲ್ಲಿ ಧೈರ್ಯವಿರುವುದಿಲ್ಲ. ಸಮೀಕರಣ ಬರೆಯಬಲ್ಲ ಮಗುವೂ ಅದರ ಅರ್ಥವನ್ನು ನಂಬಿಲ್ಲ ಎಂಬುದು ಇಲ್ಲಿ ಬಯಲಾಗುತ್ತದೆ.

ಪರಿಣಾಮಕಾರಿ ಪಾಠ ಈ ಹಂತದಲ್ಲಿ ‘ತಪ್ಪು’ ಎಂದು ಹೇಳಿ ಮುಂದೆ ಹೋಗುವುದಿಲ್ಲ. ಮೂರೂ ಉತ್ತರಗಳನ್ನು ಹಲಗೆಯ ಮೇಲೆ ಬರೆದು, ಒಂದೊಂದನ್ನೂ ತೂಗಿ ನೋಡುತ್ತದೆ.

ಮೊದಲು ಮಣ್ಣು. ಎಕರೆಗೆ 40 ಟನ್ ಇಳುವರಿ ಬಂದ ಹೊಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಆ 40 ಟನ್ ಪೂರ್ತಿಯಾಗಿ ಮಣ್ಣಿನಿಂದಲೇ ಬಂದಿದ್ದರೆ ಹೊಲದಿಂದ ಅಷ್ಟು ಮಣ್ಣು ಕರಗಿರಬೇಕು. ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಘನ ಮೀಟರ್ ಮಣ್ಣಿಗೆ ಸುಮಾರು 1.3 ಟನ್ ತೂಕ ಹಿಡಿದರೆ, ಹೊಲ ವರ್ಷಕ್ಕೆ ಮುಕ್ಕಾಲು ಸೆಂಟಿಮೀಟರಿನಷ್ಟು ತಗ್ಗಬೇಕು, ನಲವತ್ತು ವರ್ಷದಲ್ಲಿ ಒಂದು ಅಡಿ. ಅಜ್ಜನ ಕಾಲದಿಂದ ಕಬ್ಬು ಹಾಕುತ್ತ ಬಂದ ಮನೆಯ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಹೊಲ ಅಡಿಯಷ್ಟು ತಗ್ಗಿ ಬದು ಮೇಲೆ ನಿಂತಿದೆಯೇ ಎಂದು ಅವರನ್ನೇ ಕೇಳಬಹುದು. ಹಾಗಾಗಿಲ್ಲ ಎಂಬುದು ಅವರಿಗೇ ಗೊತ್ತು.

ಆಮೇಲೆ ನೀರು. ಇದರಲ್ಲಿ ಬಹಳಷ್ಟು ಸತ್ಯವಿದೆ: ಹಸಿ ಕಬ್ಬಿನ ತೂಕದಲ್ಲಿ ಶೇ. 70ರ ಆಸುಪಾಸು ನೀರೇ. ಆದರೆ ಗಾಣಕ್ಕೆ ಹೋಗಿ ಬಂದ ಮಕ್ಕಳಿಗೆ ಮುಂದಿನದು ತಿಳಿದಿರುತ್ತದೆ. ರಸವನ್ನು ಕೊಪ್ಪರಿಗೆಗೆ ಹಾಕಿ ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಬೆಲ್ಲ ಉಳಿಯುತ್ತದೆ. ಸಿಪ್ಪೆಯನ್ನು ಬಿಸಿಲಿಗೆ ಹರವಿದರೆ ಅದರ ನೀರೂ ಹೋಗಿ ಒಣ ಸಿಪ್ಪೆ ಉಳಿಯುತ್ತದೆ. ನೀರು ಹೋದ ಮೇಲೂ ಉಳಿದ ಈ ಗಟ್ಟಿ ಪದಾರ್ಥ ಎಲ್ಲಿಯದು?

ಆ ಒಣ ಸಿಪ್ಪೆಯನ್ನೇ ಗಾಣದ ಒಲೆಗೆ ಹಾಕುತ್ತಾರೆ. ರಾಶಿ ಸಿಪ್ಪೆ ಉರಿದ ಮೇಲೆ ಉಳಿಯುವುದು ಒಂದಿಷ್ಟು ಬೂದಿ. ಆ ಬೂದಿಯೇ ಮಣ್ಣು ಕೊಟ್ಟ ಪಾಲು: ಪೊಟ್ಯಾಶ್, ಸುಣ್ಣ, ಸಿಲಿಕಾ ಮೊದಲಾದ ಖನಿಜಗಳು. ಮಣ್ಣಿನಿಂದ ಬಂದ ಸಾರಜನಕ ಉರಿಯುವಾಗ ಅನಿಲವಾಗಿ ಹೋಗುತ್ತದೆ, ಆದರೆ ಅದೂ ತೂಕದಲ್ಲಿ ಚಿಕ್ಕ ಪಾಲೇ. ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದು ಕೇಳಿದರೆ ಮಕ್ಕಳು ತಾವಾಗಿಯೇ ‘ಹೊಗೆಯಾಗಿ ಗಾಳಿಗೆ ಹೋಯ್ತು’ ಎನ್ನುತ್ತಾರೆ. ಗಾಳಿಗೆ ಹೋದದ್ದು ಗಾಳಿಯಿಂದಲೇ ಬಂದಿರಬಹುದೇ ಎಂದು ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ.

ಇಲ್ಲಿ ಅಂಕಿಯೊಂದನ್ನು ಕೊಡಬಹುದು. ಸಕ್ಕರೆಯ ಅಣುಸೂತ್ರದ ಪ್ರಕಾರ 342 ಗ್ರಾಂ ಸಕ್ಕರೆಯಲ್ಲಿ 144 ಗ್ರಾಂ ಇಂಗಾಲವಿದೆ. ಆ ಇಂಗಾಲವೆಲ್ಲ ಎಲೆಯ ಸಣ್ಣ ರಂಧ್ರಗಳ ಮೂಲಕ ಗಾಳಿಯಿಂದ ಒಳಸೇರಿದ್ದು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ. 0.04ರಷ್ಟು ಮಾತ್ರ, ಅಷ್ಟರಿಂದಲೇ ಘಟಪ್ರಭೆ, ಕೃಷ್ಣೆಯರ ದಂಡೆಯ ಕಾರ್ಖಾನೆಗಳಿಗೆ ಸಾಲುಗಟ್ಟಿ ಹೋಗುವ ಟ್ರ್ಯಾಕ್ಟರುಗಳ ಸಕ್ಕರೆಯೆಲ್ಲ ಕಟ್ಟಲ್ಪಟ್ಟಿದೆ.

ಆಗ ಒಬ್ಬ ಹುಡುಗ ‘ಗಾಳಿಗೆ ಎಲ್ಲಿ ತೂಕ ಅದ’ ಎಂದು ಕೇಳಿಯೇ ಕೇಳುತ್ತಾನೆ. ಕೇಳಬೇಕು ಕೂಡ, ಒಂದು ಪೂರ್ವಗ್ರಹಿಕೆಯ ಬುಡದಲ್ಲಿ ಇನ್ನೊಂದು ಇರುತ್ತದೆ. ಉದ್ದ, ಅಗಲ ಆರಾರು ಮೀಟರ್, ಎತ್ತರ ಮೂರು ಮೀಟರ್ ಇರುವ ಕೋಣೆಯ ಗಾಳಿಯನ್ನು ತೂಗಲು ಸಾಧ್ಯವಾದರೆ ಅದು ನೂರು ಕಿಲೋಗಿಂತ ಹೆಚ್ಚು, ಅಂದರೆ ಒಂದು ಕ್ವಿಂಟಲ್ ಜೋಳದ ಚೀಲಕ್ಕಿಂತ ಭಾರ.

ಹಾಗಾದರೆ ಮನೆಯಲ್ಲಿ ಅಪ್ಪ ಯೂರಿಯಾ, ಡಿಎಪಿ ಹಾಕುವುದು ವ್ಯರ್ಥವೇ? ಅಲ್ಲ. ಸಾರಜನಕ, ರಂಜಕ, ಪೊಟ್ಯಾಶ್‌ಗಳು ಬೇಕಾಗುವುದು ಸ್ವಲ್ಪವೇ ಆದರೂ ಅವಿಲ್ಲದೆ ಎಲೆಯೇ ಬೆಳೆಯದು, ಎಲೆ ಇಲ್ಲದೆ ಆಹಾರ ತಯಾರಾಗದು. ಗೊಬ್ಬರ ಸಸ್ಯದ ಊಟವಲ್ಲದಿದ್ದರೂ ಊಟ ತಯಾರಿಸುವ ಅಂಗಾಂಗಗಳಿಗೆ ಬೇಕಾದ ಪದಾರ್ಥ. ಈ ಮಾತನ್ನು ಬಿಟ್ಟರೆ ಮಗು ಮನೆಗೆ ಹೋಗಿ ಹಿರಿಯರೊಂದಿಗೆ ವಿನಾಕಾರಣ ವಾದಕ್ಕೆ ಬೀಳುತ್ತದೆ.

ಈ ಪ್ರಶ್ನೆಗೆ ವಿಜ್ಞಾನಿಗಳೂ ಸುಲಭವಾಗಿ ಉತ್ತರ ಕಂಡುಕೊಳ್ಳಲಿಲ್ಲ ಎಂಬುದನ್ನು ಮಕ್ಕಳಿಗೆ ಹೇಳುವುದು ಉಪಯುಕ್ತ. ಹದಿನೇಳನೇ ಶತಮಾನದಲ್ಲಿ ಫ್ಲಾಂಡರ್ಸ್ ಪ್ರದೇಶದ ವಾನ್ ಹೆಲ್ಮಾಂಟ್ 200 ಪೌಂಡ್ ಒಣ ಮಣ್ಣು ತುಂಬಿದ ಕುಂಡದಲ್ಲಿ 5 ಪೌಂಡ್ ತೂಕದ ವಿಲೋ ಗಿಡವನ್ನು ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದ. ಗಿಡ 169 ಪೌಂಡಿಗೆ ಏರಿತ್ತು, ಮಣ್ಣು ಕಡಿಮೆಯಾದದ್ದು ಸುಮಾರು ಎರಡು ಔನ್ಸ್. ಮಣ್ಣಿನಿಂದ ಬರಲಿಲ್ಲ ಎಂಬ ಅವನ ತೀರ್ಮಾನ ಸರಿ; ಹಾಗಾದರೆ ಎಲ್ಲವೂ ನೀರಿನಿಂದಲೇ ಬಂತು ಎಂಬ ತೀರ್ಮಾನ ತಪ್ಪು. ಅವನ ಬರಹ 1648ರಲ್ಲಿ, ಅವನು ತೀರಿಕೊಂಡ ಮೇಲೆ ಪ್ರಕಟವಾಯಿತು. ಬೆಳಕಿನ ಪಾತ್ರವನ್ನು ಇಂಗೆನ್‌ಹೌಸ್ 1779ರಲ್ಲಿ ತೋರಿಸಿದ, ಇಂಗಾಲ ಮತ್ತು ನೀರಿನ ಲೆಕ್ಕವನ್ನು ಸೊಸ್ಯೂರ್ 1804ರಲ್ಲಿ ಕೂಡಿಸಿದ. ಹಿಂದಿನ ಬೆಂಚಿನ ಹುಡುಗ ‘ನೀರಿನಿಂದ’ ಎಂದದ್ದು ನಾಲ್ಕು ಶತಮಾನಗಳ ಹಿಂದಿನ ಒಬ್ಬ ದೊಡ್ಡ ಪ್ರಯೋಗಶೀಲನ ಉತ್ತರವೇ ಎಂದು ತಿಳಿದರೆ, ಮುಂದಿನ ಬಾರಿ ಅವನು ಕೈ ಎತ್ತಲು ಹಿಂಜರಿಯುವುದಿಲ್ಲ.

ಮೊದಲು ಊಹೆ, ಆಮೇಲೆ ನೋಟ

ಮೇಲಿನ ಪಾಠದ ಹಿಂದೆ ಇರುವ ಕ್ರಮಕ್ಕೆ ಶಿಕ್ಷಣದ ಬರಹಗಳಲ್ಲಿ ಊಹಿಸು–ಗಮನಿಸು–ವಿವರಿಸು ಎಂಬ ಹೆಸರಿದೆ. ಆಸ್ಟ್ರೇಲಿಯಾದ ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ ಇದನ್ನು ಪ್ರಚಾರಕ್ಕೆ ತಂದರು. ಪ್ರಯೋಗವನ್ನು ತೋರಿಸುವ ಮೊದಲು ಪ್ರತಿ ಮಗುವೂ ಏನಾಗುತ್ತದೆ, ಏಕೆ ಎಂದು ತನ್ನ ವಹಿಯಲ್ಲಿ ಬರೆಯಬೇಕು. ಬಾಯಿಮಾತಿನಲ್ಲಿ ಕೇಳಿದರೆ ಇಬ್ಬರು ಜಾಣರು ಉತ್ತರಿಸಿ ಉಳಿದವರು ತಲೆಯಾಡಿಸುತ್ತಾರೆ. ಬರೆದರೆ ಪ್ರತಿಯೊಬ್ಬರೂ ಒಂದು ಪಕ್ಷ ವಹಿಸಿದಂತಾಗುತ್ತದೆ. ತನ್ನ ಊಹೆ ಸರಿಯೋ ತಪ್ಪೋ ನೋಡುವ ಆತುರ ಇದ್ದಾಗ ಕಣ್ಣು ಪ್ರಯೋಗದ ಮೇಲೆ ನೆಡುತ್ತದೆ.

ವಿಜಯಪುರ ಜಿಲ್ಲೆಯ ಶಾಲೆಗಳಿಗೆ ಇದಕ್ಕೆ ಒಣದ್ರಾಕ್ಷಿಗಿಂತ ಅಗ್ಗದ ಸಾಮಾನು ಬೇರೆ ಇಲ್ಲ. ಒಂದು ಬಟ್ಟಲಲ್ಲಿ ಬರಿ ನೀರು, ಇನ್ನೊಂದರಲ್ಲಿ ಗಟ್ಟಿ ಸಕ್ಕರೆ ಪಾಕ. ಎರಡಕ್ಕೂ ನಾಲ್ಕು ನಾಲ್ಕು ಒಣದ್ರಾಕ್ಷಿ. ನೀರಿನಲ್ಲಿದ್ದವು ಉಬ್ಬುತ್ತವೆ ಎಂದು ಎಲ್ಲರೂ ಬರೆಯುತ್ತಾರೆ. ಪಾಕದಲ್ಲಿದ್ದವು ಏನಾಗುತ್ತವೆ ಎಂಬಲ್ಲಿ ತರಗತಿ ಒಡೆಯುತ್ತದೆ: ‘ಅದೂ ದ್ರವವೇ, ಅದೂ ಉಬ್ಬುತ್ತದೆ’ ಎನ್ನುವವರೂ ಇರುತ್ತಾರೆ. ಮರುದಿನ ನೋಡಿದಾಗ ಪಾಕದೊಳಗಿನವು ಉಬ್ಬದೆ ಸುಕ್ಕಾಗಿಯೇ ಉಳಿದಿರುತ್ತವೆ. ತೆಳುವಾದ ಪೊರೆಯ ಮೂಲಕ ನೀರು, ತಾನು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುವ ಈ ಕ್ರಿಯೆಯೇ ಅಭಿಸರಣ. ಅಲ್ಲಿಂದ ತಿಕೋಟಾ ಕಡೆಯ ಶೆಡ್ಡುಗಳಿಗೆ ಹೋಗಬಹುದು. ಹಸಿ ದ್ರಾಕ್ಷಿಯನ್ನು ಒಣಹಾಕುವ ಮುನ್ನ ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಏಕೆ ಅದ್ದುತ್ತಾರೆ? ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಒಳಗಿನ ನೀರನ್ನು ಬಿಟ್ಟುಕೊಡುವುದಿಲ್ಲ. ಅದ್ದಿದಾಗ ಆ ತಡೆ ಸಡಿಲಗೊಂಡು ನೀರು ಬೇಗ ಹೊರಹೋಗುತ್ತದೆ. ಇದನ್ನು ಮನೆಯವರು ವರ್ಷವೂ ಮಾಡುತ್ತಾರೆ, ಕಾರಣವನ್ನು ಮಗಳು ಶಾಲೆಯಿಂದ ತರುತ್ತಾಳೆ.

ಇನ್ನೊಂದು, ಕಂಬಳಿಯದು. ಒಂದೇ ಗಾತ್ರದ ಎರಡು ಮಂಜುಗಡ್ಡೆಗಳಲ್ಲಿ ಒಂದನ್ನು ತಟ್ಟೆಯಲ್ಲಿ ತೆರೆದಿಟ್ಟು ಇನ್ನೊಂದನ್ನು ಕುರಿ ಉಣ್ಣೆಯ ಕಂಬಳಿಯಲ್ಲಿ ಸುತ್ತಿಟ್ಟರೆ ಯಾವುದು ಮೊದಲು ಕರಗುತ್ತದೆ? ಕಂಬಳಿಯೊಳಗಿನದೇ ಎಂದು ತರಗತಿಯ ದೊಡ್ಡ ಪಾಲು ಪಣ ಕಟ್ಟುತ್ತದೆ, ಸೋಲುತ್ತದೆ. ಕಂಬಳಿ ಶಾಖವನ್ನು ಹುಟ್ಟಿಸುವುದಿಲ್ಲ, ಅದರ ಸಂಚಾರವನ್ನು ತಡೆಯುತ್ತದೆ. ಮೈಯ ಶಾಖವನ್ನು ಹೊರಹೋಗದಂತೆ ತಡೆದ ಹಾಗೆಯೇ ಹೊರಗಿನ ಶಾಖವನ್ನು ಗಡ್ಡೆಗೆ ಬರದಂತೆಯೂ ತಡೆಯುತ್ತದೆ.

ಗೋಲಗುಮ್ಮಟದ ಪ್ರವಾಸಕ್ಕೂ ಇದೇ ಕ್ರಮ ಒಪ್ಪುತ್ತದೆ. ಸಾಮಾನ್ಯವಾಗಿ ಮಕ್ಕಳು ಪಿಸುಗುಟ್ಟುವ ಮೊಗಸಾಲೆಗೆ ಏರಿ ಕೂಗಿ, ನಕ್ಕು ಇಳಿಯುತ್ತಾರೆ. ಹೊರಡುವ ಮುನ್ನ ತರಗತಿಯಲ್ಲಿ ಒಂದು ಲೆಕ್ಕ ಹಾಕಿದ್ದರೆ ನೋಟ ಬೇರೆಯಾಗುತ್ತದೆ. ಪ್ರತಿಧ್ವನಿ ಮೂಲ ಧ್ವನಿಯಿಂದ ಬೇರೆಯಾಗಿ ಕೇಳಬೇಕಾದರೆ ನಡುವೆ ಕನಿಷ್ಠ 0.1 ಸೆಕೆಂಡ್ ಅಂತರ ಬೇಕು. ಶಬ್ದ ಸೆಕೆಂಡಿಗೆ ಸುಮಾರು 344 ಮೀಟರ್ ಸಾಗುವುದರಿಂದ, ಎದುರಿನ ಗೋಡೆ 17.2 ಮೀಟರಿಗಿಂತ ದೂರವಿರಬೇಕು. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಹಾಗಾದರೆ ಕೂಗು ಎದುರು ಗೋಡೆ ಮುಟ್ಟಿ ಬರಲು ಎಷ್ಟು ಹೊತ್ತು ಬೇಕು? 0.2 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಪಿಸುಮಾತು ಆಚೆ ಬದಿಗೆ ಕೇಳುವುದು ಮಾತ್ರ ಬೇರೆ ಕಾರಣದಿಂದ: ದುಂಡು ಗೋಡೆಯ ಗುಂಟ ಧ್ವನಿ ಪ್ರತಿಫಲಿಸುತ್ತ, ಚದುರಿ ಕ್ಷೀಣಿಸದೆ ಸಾಗುತ್ತದೆ. ಹಾಗಿದ್ದರೆ ಗೋಡೆಯಿಂದ ಎರಡು ಹೆಜ್ಜೆ ಈಚೆ ನಿಂತು ಪಿಸುಗುಟ್ಟಿದರೆ ಏನಾಗಬಹುದು ಎಂಬುದು ಅಲ್ಲಿಯೇ ಪರೀಕ್ಷಿಸಬೇಕಾದ ಊಹೆ.

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದೂ ಮುಖ್ಯ. ಅಮೆರಿಕದ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣವನ್ನು ಪರಿಶೀಲಿಸಿದಾಗ, ಶಿಕ್ಷಕರು ಸರಾಸರಿ ಒಂದೇ ಸೆಕೆಂಡ್ ಕಾದು, ಉತ್ತರ ಬಾರದಿದ್ದರೆ ತಾವೇ ಹೇಳಿಬಿಡುತ್ತಿದ್ದುದು ಕಂಡಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಮೌನವಾಗಿರುವ ಮಕ್ಕಳೂ ಮಾತಾಡತೊಡಗಿದರು. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ, ಆದರೆ ಆ ಮೂರು ಸೆಕೆಂಡಿನ ಮೌನವನ್ನು ತಡೆದುಕೊಳ್ಳುವುದು ಕಷ್ಟವೆಂಬುದು ಹಲಗೆಯ ಮುಂದೆ ನಿಂತವರಿಗೆ ಗೊತ್ತು.

ಬರೀ ಚಟುವಟಿಕೆ ಏಕೆ ಸಾಲದು

‘ಮಾಡಿ ಕಲಿ’ ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಭಾರತದಲ್ಲಿ ಇದರ ದೊಡ್ಡ ಪ್ರಯತ್ನವೆಂದರೆ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಬೋಧನಾ ಕಾರ್ಯಕ್ರಮ. 1972ರಲ್ಲಿ 16 ಗ್ರಾಮೀಣ ಶಾಲೆಗಳಲ್ಲಿ ಆರಂಭವಾದ ಅದು, ಸ್ಥಳೀಯ ಸಾಮಾನುಗಳಿಂದಲೇ ಮಕ್ಕಳು ಪ್ರಯೋಗ ಮಾಡಿ ಕಲಿಯುವಂತೆ ರೂಪಿಸಿ, ತೆರೆದ ಪುಸ್ತಕದ ಪರೀಕ್ಷೆಯನ್ನೂ ನಡೆಸಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಕಸದಿಂದ ಆಟಿಕೆ ಮಾಡಿ ವಿಜ್ಞಾನ ತೋರಿಸುವ ಅರವಿಂದ ಗುಪ್ತಾ ಅವರಿಗೆ ಪ್ರೇರಣೆ ಸಿಕ್ಕಿದ್ದೂ ಅಲ್ಲಿಯೇ.

ಆದರೆ ಇನ್ನೊಂದು ಬದಿಯ ಸಂಶೋಧನೆಯನ್ನೂ ತಿಳಿದಿರಬೇಕು. ನಾವು ಯೋಚಿಸುವಾಗ ಒಮ್ಮೆಗೆ ಮನಸ್ಸಿನಲ್ಲಿ ಹಿಡಿದಿಡಬಹುದಾದ ಹೊಸ ಅಂಶಗಳು ಬಹಳ ಕಡಿಮೆ, ಹೆಚ್ಚೆಂದರೆ ನಾಲ್ಕೈದು. ಇದನ್ನು ಕಾರ್ಯಸ್ಮೃತಿ ಎನ್ನುತ್ತಾರೆ. ಸಾಮಾನು ಜೋಡಿಸುವುದು, ಹಂತಗಳನ್ನು ನೆನಪಿಡುವುದು, ಅಳೆಯುವುದು, ಗುಂಪಿನ ಗಲಾಟೆ, ಇವುಗಳಿಗೇ ಕಾರ್ಯಸ್ಮೃತಿ ತುಂಬಿಹೋದರೆ ವಿಷಯದ ಬಗ್ಗೆ ಯೋಚಿಸಲು ಜಾಗ ಉಳಿಯುವುದಿಲ್ಲ. 2006ರಲ್ಲಿ ಕಿರ್ಷ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ ಎಂಬ ಸಂಶೋಧಕರು, ಏನೂ ಹೇಳದೆ ಮಕ್ಕಳೇ ಎಲ್ಲವನ್ನೂ ಕಂಡುಕೊಳ್ಳಲಿ ಎಂದು ಬಿಡುವ ಪಾಠ ಹೊಸಬರಿಗೆ ಉಪಯೋಗವಾಗುವುದಿಲ್ಲ ಎಂದು ಇದೇ ಆಧಾರದ ಮೇಲೆ ವಾದಿಸಿದರು. ಅವರ ವಾದಕ್ಕೆ ಆಕ್ಷೇಪಗಳೂ ಬಂದಿವೆ. ಮಾರ್ಗದರ್ಶನ ಬೇಕು ಎಂಬಲ್ಲಿ ಮಾತ್ರ ಎರಡೂ ಬದಿಯವರು ಬಹುಮಟ್ಟಿಗೆ ಒಪ್ಪುತ್ತಾರೆ.

ಆದ್ದರಿಂದ ಉಪನ್ಯಾಸ ಮತ್ತು ಪ್ರಯೋಗಗಳ ನಡುವೆ ಒಂದನ್ನೇ ಆರಿಸಬೇಕು ಎಂಬ ಜಗಳಕ್ಕೆ ಹೆಚ್ಚಿನ ಅರ್ಥವಿಲ್ಲ. ಕಬ್ಬಿನ ಪಾಠದಲ್ಲಿ ಪ್ರಶ್ನೆ ಮಕ್ಕಳ ಮುಂದೆ ಬಂತು, ಉತ್ತರಗಳು ಮಕ್ಕಳಿಂದ ಬಂದವು, ಆದರೆ ಅಣುಸೂತ್ರದ ಲೆಕ್ಕವನ್ನು ಶಿಕ್ಷಕರೇ ಕೊಟ್ಟರು. ಅದನ್ನು ಮಕ್ಕಳು ತಾವೇ ಕಂಡುಹಿಡಿಯಲಿ ಎಂದು ಕಾಯುವುದು ಸಮಯದ ಹಾಳು. 2014ರಲ್ಲಿ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆಯಲ್ಲಿ, ಬರೀ ಉಪನ್ಯಾಸ ಕೇಳಿದ ವಿದ್ಯಾರ್ಥಿಗಳು ಅನುತ್ತೀರ್ಣರಾಗುವ ಸಾಧ್ಯತೆ, ತರಗತಿಯಲ್ಲಿ ತಾವೂ ಯೋಚಿಸಿ ಚರ್ಚಿಸಿದವರಿಗಿಂತ ಒಂದೂವರೆ ಪಟ್ಟು ಎಂದು ಕಂಡುಬಂತು. ಅದು ಕಾಲೇಜು ಮಟ್ಟದ್ದು ಎಂಬುದನ್ನು ಗಮನದಲ್ಲಿಟ್ಟೇ ಶಾಲೆಗೆ ಅನ್ವಯಿಸಬೇಕು.

ಸಾಮಾನಿಲ್ಲದ ಶಾಲೆಯಲ್ಲಿ

ನಮ್ಮ ಮೂರು ಜಿಲ್ಲೆಗಳಲ್ಲಿ ಪ್ರಯೋಗಕ್ಕೆ ಒದಗುವ ಸಾಮಾನು ಕಾಲಬುಡದಲ್ಲೇ ಇದೆ. ಎರೆ ಮಣ್ಣು ಮತ್ತು ಮಸಾರಿ ಮಣ್ಣನ್ನು ಒಂದೊಂದು ತೂತು ಬಾಟಲಿಗೆ ತುಂಬಿ ಸಮನಾಗಿ ನೀರು ಹೊಯ್ದರೆ, ಯಾವುದು ನೀರನ್ನು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂಬುದು ಕಾಣುತ್ತದೆ. ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಡುವುದಕ್ಕೂ ಇದಕ್ಕೂ ಸಂಬಂಧವಿದೆ, ನೀರು ಹೀರಿ ಉಬ್ಬಿದ ಜೇಡಿಯೇ ಒಣಗಿದಾಗ ಕುಗ್ಗುತ್ತದೆ. ಬಾದಾಮಿಯ ಬಂಡೆಗಳಲ್ಲಿ ಮರಳುಗಲ್ಲಿನ ಪದರಗಳನ್ನು ಬೆರಳಿಟ್ಟು ಎಣಿಸಬಹುದು. ರೊಟ್ಟಿಗೆ ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ನಾದುವುದೇಕೆ, ಗೋಧಿ ಹಿಟ್ಟಿಗೆ ತಣ್ಣೀರು ಸಾಲುವುದೇಕೆ ಎಂಬುದು ರಸಾಯನಶಾಸ್ತ್ರದ ಪ್ರಶ್ನೆ: ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಜೋಳದಲ್ಲಿಲ್ಲ, ಆದ್ದರಿಂದ ಬಿಸಿನೀರಿನಿಂದ ಪಿಷ್ಟವನ್ನು ಉಬ್ಬಿಸಿ ಅಂಟು ತರಬೇಕಾಗುತ್ತದೆ.

ಅಗ್ಗದ ಪ್ರಯೋಗವೆಂದರೆ ಎಚ್ಚರಿಕೆ ಬೇಡವೆಂದಲ್ಲ. ಎಲೆಯ ಹಸಿರು ತೆಗೆಯಲು ಸ್ಪಿರಿಟ್ಟನ್ನು ನೇರ ಉರಿಯ ಮೇಲೆ ಇಡಬಾರದು, ಬಿಸಿನೀರಿನ ಪಾತ್ರೆಯೊಳಗಿಟ್ಟೇ ಕಾಯಿಸಬೇಕು. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ. ಗ್ರಹಣವನ್ನು ಎಕ್ಸ್‌ರೇ ಹಾಳೆಯಲ್ಲಿ ನೋಡಿಸುವ ರೂಢಿಯನ್ನು ಬಿಡಬೇಕು.

ಪೋರ್ಷನ್ ಮುಗಿಯುವುದು ಹೇಗೆ, ಅಂಕ ಬರುವುದು ಹೇಗೆ

ಶಿಕ್ಷಕರ ಆಕ್ಷೇಪ ನ್ಯಾಯವಾದದ್ದೇ: ಪ್ರತಿ ಪಾಠವನ್ನೂ ಹೀಗೆ ಮಾಡಿದರೆ ಪೋರ್ಷನ್ ಮುಗಿಯದು. ಪ್ರತಿ ಪಾಠಕ್ಕೂ ಬೇಕಿಲ್ಲ. ಪೂರ್ವಗ್ರಹಿಕೆ ಬಲವಾಗಿರುವ ಕಡೆ, ಅಂದರೆ ಸಸ್ಯಪೋಷಣೆ, ಬಲ ಮತ್ತು ಚಲನೆ, ವಿದ್ಯುತ್ ಮಂಡಲ, ಶಾಖ, ಬೆಳಕು, ದ್ರವ್ಯದ ಕಣಗಳು ಇಂಥ ಕೆಲವು ಅಧ್ಯಾಯಗಳಲ್ಲಿ ನಿಧಾನಿಸಿ, ವರ್ಗೀಕರಣ, ಹೆಸರು, ಏಕಮಾನಗಳಂಥ ಕಡೆ ನೇರವಾಗಿ ಹೇಳಿ ಮುಂದೆ ಹೋಗಬಹುದು.

ಪರೀಕ್ಷೆಯ ತಯಾರಿಗೂ ಒಂದು ದೃಢವಾದ ಸಂಶೋಧನೆ ಇದೆ. ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಠ್ಯವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು; ಒಂದು ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಿದ್ದರು. ತರಗತಿಯ ಮೊದಲ ಐದು ನಿಮಿಷ, ಹಿಂದಿನ ವಾರದ ಪಾಠದ ಮೇಲೆ ಅಂಕವಿಲ್ಲದ ಮೂರು ಪ್ರಶ್ನೆ ಕೇಳಿ ಬರೆಸಿದರೆ ಇದರ ಲಾಭ ಸಿಗುತ್ತದೆ. ಗೈಡಿನ ಉತ್ತರವನ್ನು ಹತ್ತು ಸಲ ನಕಲು ಬರೆಸುವುದರಿಂದ ಸಿಗುವುದಿಲ್ಲ, ಏಕೆಂದರೆ ಅಲ್ಲಿ ನೆನಪು ಕೆಲಸ ಮಾಡುವುದೇ ಇಲ್ಲ.

ಪಾಲಕರು ಏನನ್ನು ನೋಡಬಹುದು

ವಿಜ್ಞಾನ ಓದಿರದ ಪಾಲಕರೂ, ಎಸ್‌ಡಿಎಂಸಿ ಸದಸ್ಯರೂ ಒಂದೆರಡು ಸಂಗತಿಗಳನ್ನು ಸುಲಭವಾಗಿ ಗಮನಿಸಬಹುದು. ಮಗುವಿನ ವಹಿಯನ್ನು ಅದೇ ತರಗತಿಯ ಇನ್ನೊಬ್ಬರ ವಹಿಯ ಪಕ್ಕದಲ್ಲಿಟ್ಟು ನೋಡಿ. ಎಲ್ಲ ಉತ್ತರಗಳೂ ಅಕ್ಷರಕ್ಷರ ಒಂದೇ ಆಗಿದ್ದರೆ ಅವು ಹಲಗೆಯಿಂದ ಇಳಿದವು. ನಡುನಡುವೆ ಮಗುವಿನದೇ ವಾಕ್ಯಗಳು, ಅದರದೇ ಚಿತ್ರ, ತಪ್ಪಾದ ಊಹೆಯನ್ನು ಅಳಿಸದೆ ಕೆಳಗೆ ಬರೆದ ‘ನಾನು ನೋಡಿದ್ದು’ ಇದ್ದರೆ ಆ ತರಗತಿಯಲ್ಲಿ ಪಾಠ ನಡೆಯುತ್ತಿದೆ. ತಪ್ಪು ಊಹೆಗೆ ಕೆಂಪು ಗೆರೆ ಬಿದ್ದಿದ್ದರೆ ಶಿಕ್ಷಕರೊಂದಿಗೆ ಮಾತಾಡುವುದು ಒಳ್ಳೆಯದು. ಊಹೆಗೆ ಅಂಕ ಕಡಿಯುವ ತರಗತಿಯಲ್ಲಿ ಮಕ್ಕಳು ಪ್ರಯೋಗ ಮುಗಿದ ಮೇಲೆ ಊಹೆ ಬರೆಯಲು ಕಲಿಯುತ್ತಾರೆ.

ಪ್ರಯೋಗಾಲಯದ ಕಪಾಟಿನ ಕೀಲಿ ಯಾರ ಬಳಿ ಇರುತ್ತದೆ, ಕಳೆದ ತಿಂಗಳು ಅದನ್ನು ಯಾವ ತರಗತಿಗೆ ತೆರೆಯಲಾಯಿತು ಎಂದು ಸಭೆಯಲ್ಲಿ ಕೇಳಬಹುದು. ಹೊಸ ಸಾಮಾನಿಗೆ ಬೇಡಿಕೆ ಸಲ್ಲಿಸುವ ಮುನ್ನ ಹಳೆಯದು ಪೆಟ್ಟಿಗೆಯಿಂದ ಹೊರಬಂದಿದೆಯೇ ಎಂಬುದು ತಿಳಿದಿದ್ದರೆ ಬೇಡಿಕೆಗೂ ತೂಕ ಬರುತ್ತದೆ. ಮನೆಯಲ್ಲಿ, ಇಂದು ಏನು ಓದಿಸಿದರು ಎಂಬ ಪ್ರಶ್ನೆಗೆ ‘ದ್ಯುತಿಸಂಶ್ಲೇಷಣೆ’ ಎಂಬ ಒಂದೇ ಪದದ ಉತ್ತರ ಬರುತ್ತದೆ. ಅದರ ಬದಲು ಎದುರಿಗಿರುವ ವಸ್ತುವನ್ನು ಹಿಡಿದು ಕೇಳಿದರೆ, ಉದಾಹರಣೆಗೆ ಕಂಬಳಿ ಹೊದ್ದಾಗ ಬೆಚ್ಚಗಾಗುವುದೇಕೆ, ಒಣದ್ರಾಕ್ಷಿ ನೆನೆಯಿಟ್ಟರೆ ಉಬ್ಬುವುದೇಕೆ ಎಂದು ಕೇಳಿದರೆ, ಪಾಠ ಎಲ್ಲಿಯವರೆಗೆ ಇಳಿದಿದೆ ಎಂಬುದು ಎರಡು ನಿಮಿಷದ ಮಾತಿನಲ್ಲಿ ಗೊತ್ತಾಗುತ್ತದೆ.